ಅಳಬಾರದೆಂಬ ಆಜ್ಞೆ ಮತ್ತು ರಂಗಸಂಗೀತ

ರುದ್ರನಾಟಕಕ್ಕೆ ಸಂಗೀತ ಕೂಡಿಸುವವರಿಗೆ ಮೊದಲು ಎದುರಾಗಬೇಕಾದ ಪ್ರಶ್ನೆ ಯಾವ ರಾಗ, ಯಾವ ವಾದ್ಯ ಎಂಬುದಲ್ಲ. ಯಾರು ಹಾಡಬೇಕು, ಯಾವಾಗ ಹಾಡಬೇಕು ಎಂಬುದು. ನಮ್ಮಲ್ಲಿ ಅನೇಕ ಬಾರಿ ಸಾವಿನ ಸುದ್ದಿ ರಂಗಕ್ಕೆ ಬರುವ ಮುನ್ನವೇ ಪಿಟೀಲು ಅಳತೊಡಗುತ್ತದೆ. ಪಾತ್ರಕ್ಕಿಂತ ಮೊದಲು ಪಿಟೀಲೇ ಅತ್ತುಬಿಟ್ಟರೆ ಪ್ರೇಕ್ಷಕನಿಗೆ ಉಳಿಯುವುದೇನು? ಸೊಫೋಕ್ಲಿಸನ ‘ಅಂತಿಗೊನೆ’ಯನ್ನು ಮುಂದಿಟ್ಟುಕೊಂಡು ಈ ಮಾತನ್ನು ಪರಿಶೀಲಿಸಬಹುದು. ಪಿ. ಲಂಕೇಶರು ಕನ್ನಡಕ್ಕೆ ತಂದಿರುವ ಈ ನಾಟಕ ನಮ್ಮ ಓದುಗರಲ್ಲಿ ಹಲವರಿಗೆ ಪರಿಚಿತವೇ.

ಕ್ರಿ.ಪೂ. 441ರ ಸುಮಾರಿನ ಈ ನಾಟಕ ಹುಟ್ಟುವುದೇ ಒಂದು ರಾಜಾಜ್ಞೆಯಿಂದ. ಥೀಬ್ಸ್ ನಗರದ ಇಬ್ಬರು ಸೋದರರು ಪರಸ್ಪರ ಹೋರಾಡಿ ಸತ್ತಿದ್ದಾರೆ. ಒಬ್ಬನಿಗೆ ಸಕಲ ಮರ್ಯಾದೆ. ಇನ್ನೊಬ್ಬ ದ್ರೋಹಿ, ಅವನ ಶವವನ್ನು ಹೂಳಬಾರದು, ಅವನಿಗಾಗಿ ಯಾರೂ ಅಳಲೂಬಾರದು ಎಂದು ದೊರೆ ಕ್ರಿಯೋನ್ ಸಾರಿಸಿದ್ದಾನೆ. ಸೋದರಿ ಅಂತಿಗೊನೆ ಆ ಆಜ್ಞೆಯನ್ನು ಮೀರುತ್ತಾಳೆ. ಹೀಗೆ ಅಳುವುದೇ ಅಪರಾಧವಾಗಿರುವ ಊರಿನಲ್ಲಿ ನೇಪಥ್ಯದ ವಾದ್ಯಗಳು ಧಾರಾಳವಾಗಿ ಅಳುತ್ತಿದ್ದರೆ ಕ್ರಿಯೋನನ ಆಜ್ಞೆಗೆ ಏನು ಬೆಲೆ? ಅದನ್ನು ಮೀರಿದವಳ ಧೈರ್ಯಕ್ಕೆ ತಾನೇ ಏನು ಬೆಲೆ?

ಗ್ರೀಕ್ ರಂಗಭೂಮಿಯಲ್ಲಿ ಕವಿಯೇ ಸಂಗೀತಗಾರನೂ ಆಗಿದ್ದ. ಔಲೋಸ್ ಎಂಬ ಜೋಡಿ ಕೊಳವೆಯ ಊದುವಾದ್ಯದೊಂದಿಗೆ ಮೇಳ ಹಾಡುತ್ತಿತ್ತು. ಈ ನಾಟಕದ ಮೂಲ ಸ್ವರಗಳು ನಮಗೆ ಉಳಿದಿಲ್ಲ. ಆದರೆ ಎಲ್ಲಿ ಮಾತು, ಎಲ್ಲಿ ಹಾಡು ಎಂಬುದನ್ನು ಛಂದಸ್ಸು ಇಂದಿಗೂ ತಿಳಿಸುತ್ತದೆ. ಮೇಳದ ಮೊದಲ ಹಾಡು ಶೋಕಗೀತೆಯಲ್ಲ, ಮೂಡುವ ಸೂರ್ಯನಿಗೆ ಹೇಳುವ ಗೆಲುವಿನ ಹಾಡು; ಅದೇ ಹೊತ್ತಿಗೆ ಊರ ಹೊರಗೆ ಹೆಣ ಬಿದ್ದಿದೆ. ಜೀವಂತ ಸಮಾಧಿಗೆ ನಡೆಯುವಾಗ ಅಂತಿಗೊನೆ ತನ್ನ ಶೋಕಗೀತೆಯನ್ನು ತಾನೇ ಹಾಡಿಕೊಳ್ಳುತ್ತಾಳೆ, ತನಗಾಗಿ ಅಳುವ ಬಂಧುಗಳಿಲ್ಲವೆಂದು ಕೊರಗುತ್ತಾಳೆ. ಮಗ ಸತ್ತ ಸುದ್ದಿ ಕೇಳಿದ ರಾಣಿ ಯೂರಿಡಿಸ್ ಒಂದು ಮಾತೂ ಆಡದೆ ಒಳಗೆ ಹೋಗುತ್ತಾಳೆ. ಅಲ್ಲಿಯವರೆಗೆ ಬರೀ ಮಾತಿನಲ್ಲಿ ಆಳಿದ ಕ್ರಿಯೋನ್, ಮಗನ ಹೆಣ ಹೊತ್ತು ಬಂದಾಗ ಮೊದಲ ಬಾರಿಗೆ ಹಾಡಾಗಿ ಒಡೆಯುತ್ತಾನೆ. ಅಳಬೇಡಿರೆಂದವನ ಬಾಯಲ್ಲೇ ಕೊನೆಯ ಅಳು! ಸಂಗೀತಗಾರನಿಗೆ ಇದಕ್ಕಿಂತ ಸ್ಪಷ್ಟವಾದ ದಾರಿ ಬೇಕೆ?

1841ರ ಅಕ್ಟೋಬರ್ 28ರಂದು ಪ್ರಷ್ಯಾದ ದೊರೆಯ ಇಚ್ಛೆಯಂತೆ ಪಾಟ್ಸ್‌ಡ್ಯಾಮಿನ ಅರಮನೆಯಲ್ಲಿ ಈ ನಾಟಕ ನಡೆದಾಗ ಮೆಂಡೆಲ್ಸನ್ ಸಂಗೀತ ರಚಿಸಿದ. ಪುರಾತನ ವಾದ್ಯಗಳನ್ನು ಅನುಕರಿಸುವ ಯೋಚನೆಯನ್ನು ಕೈಬಿಟ್ಟು, ಗಂಡಸರ ಎರಡು ಮೇಳಗಳಿಗೂ ತನ್ನ ಕಾಲದ ವಾದ್ಯವೃಂದಕ್ಕೂ ಬರೆದ. ಮೂಲದಲ್ಲಿ ಪಾತ್ರಗಳು ಹಾಡುವ ಕಡೆಗಳಲ್ಲಿ ನಟರು ವಾದ್ಯದ ಮೇಲೆ ಮಾತನಾಡುವಂತೆ ಮಾಡಿದ. ಉಳಿದ ಸಂಭಾಷಣೆಯನ್ನು ಮುಟ್ಟಲಿಲ್ಲ. ಈ ಸಂಯಮ ಮೆಚ್ಚತಕ್ಕದ್ದು. ಆದರೆ ಅವನ ಗೆಲುವಿನ ಹಾಡು ಎಷ್ಟು ಭವ್ಯವೆಂದರೆ ಊರ ಹೊರಗಿನ ಹೆಣ ಮರೆತೇಹೋಗುತ್ತದೆ. ಅದು ಅರಮನೆಯ ಸಂಗೀತವೆಂದೇ ನಮಗೆ ಅನಿಸುತ್ತದೆ. 1922ರಲ್ಲಿ ಪ್ಯಾರಿಸ್ಸಿನಲ್ಲಿ ಕಾಕ್ತೋ ಇದೇ ನಾಟಕವನ್ನು ಮೊಟಕುಗೊಳಿಸಿ ಆಡಿಸಿದಾಗ ಹೊನೆಗರ್ ಬಳಸಿದ್ದು ಎರಡೇ ವಾದ್ಯ: ಓಬೋ ಮತ್ತು ಹಾರ್ಪ್. ಮಾತು ನಿಲ್ಲಲು ಜಾಗ ಬಿಡುವ ದಾರಿ ಅದು.

ಕನ್ನಡದಲ್ಲಿ ಈ ನಾಟಕಕ್ಕೆ ಹೊಸ ಸಂಗೀತ ಮಾಡುವವರು ಪ್ಯಾರಿಸ್ಸಿನತ್ತ ನೋಡಬೇಕೆಂದು ನಾವು ಹೇಳುತ್ತಿಲ್ಲ. ಕರ್ಬಲಾದ ನೋವನ್ನು ಹೇಳುವ ಉರ್ದು ಮರ್ಸಿಯಾಗಳನ್ನು ಸೋಜ್‌ಖ್ವಾನಿಯಲ್ಲಿ ವಾದ್ಯವಿಲ್ಲದೆ ಹಾಡುತ್ತಾರೆ. ಜೊತೆಯವರು ಒಂದು ಸ್ವರ ಹಿಡಿದು ನಿಲ್ಲುತ್ತಾರೆ, ಅಷ್ಟೇ. ನಮ್ಮ ಹಳ್ಳಿಗಳಲ್ಲಿ ಹೆಂಗಸರು ಹೆಣದ ಮುಂದೆ ಹಾಡಿಕೊಂಡು ಅಳುವಾಗಲೂ ಪಕ್ಕವಾದ್ಯ ಇರುವುದಿಲ್ಲ. ಶೋಕಕ್ಕೆ ಮನುಷ್ಯನ ಕೊರಳು ಸಾಕೆಂಬುದನ್ನು ನಮ್ಮ ಜನ ಎಂದೋ ಕಂಡುಕೊಂಡಿದ್ದಾರೆ.

ಯಾರ ಸಾವು ಕಣ್ಣೀರಿಗೆ ಯೋಗ್ಯ, ಯಾರದು ಅಲ್ಲ ಎಂದು ಅಧಿಕಾರ ತೀರ್ಮಾನಿಸುವುದು ಥೀಬ್ಸಿಗೆ ಮುಗಿದ ಕತೆಯಲ್ಲ. ಆ ತೀರ್ಮಾನವನ್ನು ಪ್ರೇಕ್ಷಕ ತಾನೇ ತೂಗಿ ನೋಡಬೇಕಾದರೆ ಅವನಿಗೆ ಮೌನ ಬೇಕು. ಎಲ್ಲಿ ಅಳಬೇಕೆಂದು ಪಿಟೀಲು ಆಜ್ಞೆ ಮಾಡಿದರೆ ಅದೂ ಕ್ರಿಯೋನನ ಕೆಲಸವನ್ನೇ ಮಾಡಿದಂತೆ.