ಬಲಮಗ್ಗುಲಿನ ಬೇರು

ಒಣಗಿದ ಬೇರಿನ ತುಂಡೊಂದಕ್ಕೆ ಮನುಷ್ಯನನ್ನು ಕಾಪಾಡುವ ಶಕ್ತಿಯುಂಟೇ? ವಿಶ್ವಾಸಿಯಾದವನು ಈ ಪ್ರಶ್ನೆಗೆ ತಡವರಿಸುವುದಿಲ್ಲ, ಇಲ್ಲವೆನ್ನುತ್ತಾನೆ. ಆ ಉತ್ತರ ಸರಿಯೇ. ಆದರೂ ಅಮೆರಿಕದ ಗುಲಾಮಗಿರಿಯ ಸಾಹಿತ್ಯದಲ್ಲಿ ಬರುವ ಒಂದು ಬೇರು ಈ ಉತ್ತರದ ಬಳಿಕವೂ ಓದುಗನ ಮನಸ್ಸಿನಲ್ಲಿ ಉಳಿದುಕೊಳ್ಳುತ್ತದೆ. ಅದನ್ನು ಮೂಢನಂಬಿಕೆಯೆಂದು ಕರೆದ ಲೇಖಕನನ್ನೂ ಅದು ಬಿಡಲಿಲ್ಲ. ಪ್ರಿಯ ಓದುಗರೇ, ಆ ಪ್ರಸಂಗವನ್ನು ನಿಮ್ಮೊಡನೆ ಕೂಡಿ ಓದುವುದೇ ಈ ಬರಹದ ಉದ್ದೇಶ.

ಲೇಖಕರು ಫ್ರೆಡ್ರಿಕ್ ಡಗ್ಲಸ್. 1818ರಲ್ಲಿ ಮೇರಿಲ್ಯಾಂಡ್ ಸಂಸ್ಥಾನದಲ್ಲಿ ಗುಲಾಮ ತಾಯಿಯ ಮಗನಾಗಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡು ಉತ್ತರದ ಸಂಸ್ಥಾನಗಳನ್ನು ಸೇರಿ, ಗುಲಾಮಗಿರಿಯ ವಿರುದ್ಧ ಜೀವಮಾನವಿಡೀ ಹೋರಾಡಿದವರು. ಅವರಿಗೆ ಸುಮಾರು 16 ವರ್ಷವಾಗಿದ್ದಾಗ ಯಜಮಾನ ಥಾಮಸ್ ಆಲ್ಡ್ ಅವರನ್ನು ಒಂದು ವರ್ಷದ ಮಟ್ಟಿಗೆ ಎಡ್ವರ್ಡ್ ಕೋವಿ ಎಂಬ ಬೇಸಾಯಗಾರನಿಗೆ ಒಪ್ಪಿಸಿದ. ಹಟಮಾರಿ ಗುಲಾಮರನ್ನು ಹೊಡೆದು ಬಗ್ಗಿಸುವುದರಲ್ಲಿ ಕೋವಿ ಹೆಸರುವಾಸಿ. ಅವನು ಮೆಥಡಿಸ್ಟ್ ಸಭೆಯಲ್ಲಿ ಮುಂದಾಳೂ ಹೌದು. ಅವನ ಮನೆಯಲ್ಲಿ ಬೆಳಗಿನ ಪ್ರಾರ್ಥನೆಯೂ ರಾತ್ರಿಯ ಪ್ರಾರ್ಥನೆಯೂ ತಪ್ಪುತ್ತಿರಲಿಲ್ಲ. ತನಗೆ ಹಾಡಲು ಸರಿಯಾಗಿ ಬಾರದೆಂದು ಗೀತೆಯನ್ನು ಎತ್ತಿಕೊಡುವ ಕೆಲಸವನ್ನು ಈ ಹುಡುಗನಿಗೇ ಹೇಳುತ್ತಿದ್ದ.

ಆಗಸ್ಟ್ ತಿಂಗಳ ಬಿಸಿಲಿನಲ್ಲಿ ದುಡಿಯುತ್ತಿದ್ದಾಗ ಹುಡುಗ ತಲೆಸುತ್ತಿ ಬಿದ್ದ. ಕೋವಿ ಅವನನ್ನು ಒದ್ದು, ತಲೆಗೆ ಹೊಡೆದು ಗಾಯಮಾಡಿದ. ರಕ್ತ ಸುರಿಯುತ್ತಿದ್ದ ಹುಡುಗ ಏಳು ಮೈಲಿ ನಡೆದು ಯಜಮಾನನ ಮೊರೆಹೊಕ್ಕ. ಕೆಲ ಕಾಲದ ಹಿಂದಷ್ಟೇ ಭಕ್ತನೆನಿಸಿಕೊಂಡಿದ್ದ ಆ ಯಜಮಾನ ಅವನನ್ನು ಕೋವಿಯ ಬಳಿಗೇ ಮರಳಿ ಅಟ್ಟಿದ. ಮರಳಿ ಬಂದವನು ಕಾಡಿನಲ್ಲಿ ಅವಿತುಕೊಂಡಿದ್ದಾಗ ಅವನನ್ನು ಕಂಡವನು ಸ್ಯಾಂಡಿ ಜೆಂಕಿನ್ಸ್ ಎಂಬ ಇನ್ನೊಬ್ಬ ಗುಲಾಮ. ಸ್ಯಾಂಡಿ ತನಗೊದಗಬಹುದಾದ ಶಿಕ್ಷೆಯನ್ನು ಲೆಕ್ಕಿಸದೆ ಅವನನ್ನು ಮನೆಗೆ ಕರೆದೊಯ್ದು ಉಣ್ಣಿಸಿದ. ಬಳಿಕ ಒಂದು ಉಪಾಯವನ್ನು ಹೇಳಿಕೊಟ್ಟ. ಕಾಡಿನಲ್ಲಿ ದೊರೆಯುವ ಒಂದು ಬೇರನ್ನು ಸದಾ ಬಲಮಗ್ಗುಲಲ್ಲಿ ಇರಿಸಿಕೊಂಡರೆ ಯಾವ ಬಿಳಿಯನೂ ಹೊಡೆಯಲಾರನು. ತಾನು ವರ್ಷಗಳಿಂದ ಅದನ್ನು ಇಟ್ಟುಕೊಂಡಿದ್ದು, ಆಮೇಲೆ ಒಂದು ಏಟನ್ನೂ ತಿಂದಿಲ್ಲವೆಂದ. ಹುಡುಗ ಅದನ್ನು ಜೇಬಿನಲ್ಲಿ ಇಟ್ಟುಕೊಂಡ.

ಮರುದಿನ ಭಾನುವಾರ. ದೇವಾಲಯಕ್ಕೆ ಹೊರಟಿದ್ದ ಕೋವಿ ಅಚ್ಚರಿಯೆನಿಸುವಂತೆ ಮೆಲುವಾಗಿ ಮಾತಾಡಿದ. ಸೋಮವಾರ ಬೆಳಗಾಗುತ್ತಲೇ ಹಗ್ಗ ಹಿಡಿದು ಬಂದು ಕಾಲು ಕಟ್ಟಲು ಹವಣಿಸಿದ. ಹುಡುಗ ಅವನ ಕುತ್ತಿಗೆಯನ್ನೇ ಹಿಡಿದ. ಸುಮಾರು ಎರಡು ಗಂಟೆಗಳ ಕಾಲ ನಡೆದ ಆ ಹೋರಾಟದ ನಂತರ, ಉಳಿದ ಆರು ತಿಂಗಳಲ್ಲಿ ಕೋವಿ ಮತ್ತೆ ಅವನ ಮೈಮುಟ್ಟಲಿಲ್ಲ.

ಈ ಘಟನೆಯನ್ನು ಡಗ್ಲಸ್ ಮೊದಲು ಬರೆದದ್ದು 1845ರ ಆತ್ಮಕಥೆಯಲ್ಲಿ. ಆಗ ಅವರಿನ್ನೂ ಕಾನೂನಿನ ದೃಷ್ಟಿಯಲ್ಲಿ ಮತ್ತೊಬ್ಬನ ಸ್ವತ್ತು. ಓದುವವರು ಹೆಚ್ಚಾಗಿ ಬಿಳಿಯರು. ತಾನು ವಿಚಾರವಂತನೆಂದು ಅವರಿಗೆ ತೋರಿಸಿಕೊಡಬೇಕಿತ್ತು. ಆದ್ದರಿಂದ ಬೇರಿನ ಮಾತನ್ನು ನಗುವಿನ ಅಂಚಿನಲ್ಲೇ ಹೇಳುತ್ತಾರೆ. ಪುಟದಡಿಯ ಟಿಪ್ಪಣಿಯೊಂದರಲ್ಲಿ, ಗೆದ್ದದ್ದು ತನ್ನ ಬೇರಿನಿಂದಲೇ ಎಂದು ಸ್ಯಾಂಡಿ ಸಾಧಿಸುತ್ತಿದ್ದುದನ್ನು ತಿಳಿಸಿ, ಇಂಥ ನಂಬಿಕೆ ತಿಳಿವಳಿಕೆಯಿಲ್ಲದ ಗುಲಾಮರಲ್ಲಿ ಸಾಮಾನ್ಯವೆಂದು ಮುಗಿಸುತ್ತಾರೆ. ಆದರೆ ಎದುರಿಸಿ ನಿಲ್ಲುವ ಧೈರ್ಯ ಎಲ್ಲಿಂದ ಬಂತೆಂಬಲ್ಲಿ ಮಾತ್ರ, ತಾನರಿಯೆ ಎನ್ನುತ್ತಾರೆ. ಬೇರನ್ನು ತಳ್ಳಿಹಾಕಿದ ಮೇಲೆ ಆ ಜಾಗದಲ್ಲಿ ಬೇರೇನನ್ನೂ ಇಡದೆ ತೆರವಾಗಿ ಬಿಟ್ಟದ್ದೇ ಆ ಪುಟದ ಪ್ರಾಮಾಣಿಕತೆ.

ಹತ್ತು ವರ್ಷಗಳ ಬಳಿಕ, 1855ರಲ್ಲಿ, 'ಮೈ ಬಾಂಡೇಜ್ ಅಂಡ್ ಮೈ ಫ್ರೀಡಮ್' ಗ್ರಂಥದ 17ನೇ ಅಧ್ಯಾಯದಲ್ಲಿ ಅದೇ ಕಥೆಯನ್ನು ವಿಸ್ತರಿಸಿ ಬರೆದರು. ಇಲ್ಲಿ ಸ್ಯಾಂಡಿಗೆ ಬಾಯಿ ಬಂದಿದೆ. ಇಂಥ ಮಾಟದ ವಸ್ತು ಪಾಪವಲ್ಲವೇ ಎಂದು ಅಕ್ಷರ ಬಲ್ಲ ಹುಡುಗ ಹಿಂಜರಿದಾಗ, ನಿನ್ನ ಪುಸ್ತಕದ ವಿದ್ಯೆ ನಿನ್ನನ್ನು ಕೋವಿಯಿಂದ ಕಾಪಾಡಿತೇ ಎಂಬರ್ಥದಲ್ಲಿ ಸ್ಯಾಂಡಿ ಕೇಳುತ್ತಾನೆ. ಉತ್ತರವಿಲ್ಲ. ಕೊನೆಗೆ ಹುಡುಗ ಬೇರನ್ನು ತೆಗೆದುಕೊಂಡದ್ದು ಅದರ ಮೇಲಿನ ನಂಬಿಕೆಯಿಂದಲ್ಲ, ಕೊಟ್ಟವನ ಮೇಲಿನ ಪ್ರೀತಿಯಿಂದ. ತನ್ನ ಪಾಲಿಗೆ ಆ ಮನುಷ್ಯ ಒಳ್ಳೆಯ ಸಮಾರ್ಯದವನಾಗಿದ್ದನೆಂದೂ, ಅವನು ಎದುರಾದುದರಲ್ಲಿ ದೇವರ ಕೈ ಇರಲಿಲ್ಲವೆಂದು ಹೇಗೆ ಹೇಳಲಾದೀತೆಂದೂ ಡಗ್ಲಸ್ ಬರೆಯುತ್ತಾರೆ. ಮೂರು ಆತ್ಮಕಥೆಗಳಲ್ಲಿಯೂ ಬರುವ ಈ ಪ್ರಸಂಗದ ಅತ್ಯುತ್ತಮ ನಿರೂಪಣೆ ನನ್ನ ಮಟ್ಟಿಗೆ ಇದೇ. 1845ರ ಲೇಖಕ ಬೇರನ್ನು ಪರೀಕ್ಷಿಸಿದರೆ, 1855ರ ಲೇಖಕ ಕೊಟ್ಟ ಕೈಯನ್ನು ಕಾಣುತ್ತಾನೆ.

ಆ ಬೇರು ಯಾವುದು? ಡಗ್ಲಸ್ ಹೆಸರಿಸಿಲ್ಲ. ಅನೇಕ ಓದುಗರು ಅದರಲ್ಲಿ ಹೂಡೂ ಸಂಪ್ರದಾಯದ 'ಹೈ ಜಾನ್ ದ ಕಾಂಕರರ್', ಎಂದರೆ ಜಯಶಾಲಿ ಜಾನ್ ಎಂಬ ಬೇರಿನ ನೆರಳನ್ನು ಕಂಡಿದ್ದಾರೆ. ಹೂಡೂ ಎಂಬುದು ಅಮೆರಿಕದ ದಕ್ಷಿಣ ಭಾಗದ ಗುಲಾಮರ ನಡುವೆ ಬೆಳೆದ ಜನಪದ ಮಂತ್ರ-ಮದ್ದಿನ ಪದ್ಧತಿ. ಆಫ್ರಿಕದ ನೆನಪು, ಆ ನಾಡಿನ ಮೂಲನಿವಾಸಿಗಳ ಗಿಡಮೂಲಿಕೆ, ಯುರೋಪಿನ ತಾಯಿತ, ಬೈಬಲಿನ ಕೀರ್ತನೆ ಎಲ್ಲವೂ ಅದರಲ್ಲಿ ಬೆರೆತಿವೆ. ಅದನ್ನು ಆಚರಿಸಿದವರಲ್ಲಿ ಬಹುಪಾಲು ಜನ ಕ್ರೈಸ್ತರೇ. ಇಂದು ಜಯಶಾಲಿ ಜಾನ್ ಎಂದು ಸಾಮಾನ್ಯವಾಗಿ ಗುರುತಿಸುವುದು ಮೆಕ್ಸಿಕೋ ಮೂಲದ, ನಮ್ಮ ಸಿಹಿಗೆಣಸಿನ ಕುಲಕ್ಕೆ ಸೇರಿದ ಒಂದು ಬಳ್ಳಿಯ ಗಡ್ಡೆಯನ್ನು. ಅದು ಉಗ್ರವಾದ ಭೇದಿಮದ್ದು. ಆದ್ದರಿಂದ ತಿನ್ನುವುದಿಲ್ಲ, ಎಣ್ಣೆ ಸವರಿ ಜೇಬಿನಲ್ಲೋ ಬಟ್ಟೆಯ ಚೀಲದಲ್ಲೋ ಇಟ್ಟುಕೊಳ್ಳುತ್ತಾರೆ.

ಈ ಜಾನ್‌ನ ಕಥೆಯನ್ನು ಒಳಗಿನಿಂದ ಹೇಳಿದವರು ಝೋರಾ ನೀಲ್ ಹರ್ಸ್ಟನ್. ಬ್ಯಾಪ್ಟಿಸ್ಟ್ ಬೋಧಕರೊಬ್ಬರ ಮಗಳು. ಮಾನವಶಾಸ್ತ್ರ ಕಲಿತು, ಹೂಡೂ ಬಲ್ಲವರ ಬಳಿ ಶಿಷ್ಯವೃತ್ತಿ ಮಾಡಿ, 1935ರಲ್ಲಿ 'ಮ್ಯೂಲ್ಸ್ ಅಂಡ್ ಮೆನ್' ಪ್ರಕಟಿಸಿದವರು. 1943ರಲ್ಲಿ ಬರೆದ ಪ್ರಬಂಧದಲ್ಲಿ ಅವರು ಜಾನ್‌ನನ್ನು ಆಫ್ರಿಕದಿಂದ ಹಡಗುಗಳ ಹಿಂದೆಯೇ ಬಂದ ನಗುವಾಗಿ, ಭರವಸೆಯಾಗಿ ಚಿತ್ರಿಸುತ್ತಾರೆ. ಬಿಡುಗಡೆಯಾದ ಮೇಲೆ ಅವನು ಒಂದು ಬೇರಿನಲ್ಲಿ ನೆಲೆಸಿ, ಕರೆದಾಗ ಬರಲು ಕಾದಿದ್ದಾನಂತೆ. ಬರವಣಿಗೆ ಮನೋಹರ. ಆದರೆ ಡಗ್ಲಸ್ ಅವರ ಪಕ್ಕದಲ್ಲಿಟ್ಟು ಓದಿದಾಗ ಒಂದು ಕೊರತೆ ಕಾಣುತ್ತದೆ: ಹರ್ಸ್ಟನ್ ಅವರ ಬೇರಿನಲ್ಲಿ ನಗುವಿದೆ, ರಕ್ತದ ಕಲೆಯಿಲ್ಲ.

ಹಾಗೆಂದು ಬೇರಿನ ಪಕ್ಷವನ್ನು ವಹಿಸಬೇಕಿಲ್ಲ. 20ನೇ ಶತಮಾನದಲ್ಲಿ ಅಂಚೆಯ ಮೂಲಕ ಈ ಬೇರುಗಳನ್ನು ಮಾರಿದ ವ್ಯಾಪಾರಿಗಳು ಬಡವರ ಭಯವನ್ನೇ ಬಂಡವಾಳ ಮಾಡಿಕೊಂಡರು. ಹುಡುಗನು ಪ್ರಾಣದ ಹಂಗುತೊರೆದು ಗಳಿಸಿದ ಗೆಲುವಿನ ಕೀರ್ತಿಯನ್ನು ಗಡ್ಡೆಯೊಂದಕ್ಕೆ ಕಟ್ಟುವುದೂ ಅನ್ಯಾಯವೇ. ಸ್ಯಾಂಡಿಯೂ ಸಂತನಲ್ಲ. 1836ರಲ್ಲಿ ಡಗ್ಲಸ್ ಮತ್ತು ಸಂಗಡಿಗರು ಮಾಡಿದ್ದ ಪಲಾಯನದ ಯೋಜನೆ ಬಯಲಾದಾಗ, ಸುಳಿವು ಕೊಟ್ಟವನು ಅವನೇ ಇರಬೇಕೆಂದು ತೋರುವ ಸಂಗತಿಗಳಿದ್ದವು. ಆದರೆ ಅವನ ಮೇಲಿನ ಅಕ್ಕರೆಯಿಂದ ಅವರ ಮನಸ್ಸು ಅದನ್ನು ಒಪ್ಪಲಿಲ್ಲ ಎಂದೂ ಡಗ್ಲಸ್ ದಾಖಲಿಸಿದ್ದಾರೆ.

ಇಷ್ಟನ್ನೂ ತೂಗಿ ನೋಡಿದ ಮೇಲೆ ಆ ಪುಟಗಳು ನಮ್ಮತ್ತ ಒಂದು ಪ್ರಶ್ನೆಯನ್ನು ಎಸೆಯುತ್ತವೆ. ಆ ವಾರಾಂತ್ಯದಲ್ಲಿ ಮೂವರು ಆ ಹುಡುಗನನ್ನು ಕಂಡರು. ಇಬ್ಬರ ಬಳಿ ಸರಿಯಾದ ವಿಶ್ವಾಸಪ್ರಮಾಣವಿತ್ತು. ಒಬ್ಬ ಹೊಡೆದ, ಇನ್ನೊಬ್ಬ ಹಿಂದಕ್ಕಟ್ಟಿದ. ಬೇರನ್ನು ನಂಬಿದವನು ಊಟವಿಕ್ಕಿದ. ಯಜಮಾನನ ಆ ನಿರ್ಲಕ್ಷ್ಯವೇ, ತನ್ನ ಕೈಗಳನ್ನು ಆವರೆಗೆ ಕಟ್ಟಿಹಾಕಿದ್ದ ಧರ್ಮದ ಕೊನೆಯ ಎಳೆಯನ್ನೂ ಕಡಿಯಿತೆಂದು ಡಗ್ಲಸ್ ಹೇಳುತ್ತಾರೆ. ಕ್ರಿಸ್ತನ ಧರ್ಮ ಬೇರೆ, ಗುಲಾಮರ ಒಡೆಯರ ಧರ್ಮ ಬೇರೆ ಎಂದು 1845ರ ಗ್ರಂಥದ ಕೊನೆಯಲ್ಲಿ ಅವರು ವಾದಿಸಿದ್ದು ಈ ಅನುಭವದ ಬಲದಿಂದಲೇ.

ತಾಯಿತವನ್ನು ಕಟ್ಟಿಕೊಂಡವರನ್ನು ಕಂಡಾಗ ನಾವು ಬೇಗನೆ ಬುದ್ಧಿ ಹೇಳುತ್ತೇವೆ. ಅವರು ಅಲ್ಲಿಗೆ ಹೋಗುವ ಮುನ್ನ ಯಾರ ಬಾಗಿಲನ್ನು ತಟ್ಟಿದ್ದರು, ಆ ಬಾಗಿಲು ತೆರೆಯಿತೇ ಎಂದು ವಿಚಾರಿಸುವವರು ಕಡಿಮೆ. ಮುಂದಿನ ಬಾರಿ ಲೂಕನು ಬರೆದ ಶುಭಸಂದೇಶದ 10ನೇ ಅಧ್ಯಾಯವನ್ನು ಮನೆಯಲ್ಲಿ ಓದುವಾಗ, ಗಾಯಗೊಂಡವನ ಜಾಗದಲ್ಲಿ ಆ 16ರ ಹುಡುಗನನ್ನೂ, ಕತ್ತೆಯನ್ನು ಹೊಡೆದುಕೊಂಡು ಬಂದವನ ಜಾಗದಲ್ಲಿ ಬೇರಿನ ಸ್ಯಾಂಡಿಯನ್ನೂ ಇರಿಸಿ ಓದಿರಿ. ಆಗ ಯಾಜಕನ ಮತ್ತು ಲೇವಿಯನ ಜಾಗದಲ್ಲಿ ಯಾರಿದ್ದಾರೆಂದು ಮನೆಮಂದಿಯೆಲ್ಲ ಕುಳಿತು ಯೋಚಿಸಿರಿ.