ಮೀನಿಗೆ ಬೇಡದ ಗರಿ

ಕರ್ಕ್ ವಾಲೇಸ್ ಜಾನ್ಸನ್ ಬರೆದ ‘ದಿ ಫೆದರ್ ಥೀಫ್’ (2018) ಪತ್ತೇದಾರಿ ಕಾದಂಬರಿ ಥರ ಓದಿಸಿಕೊಂಡು ಹೋಗುತ್ತೆ, ಆದರೆ ನಡೆದ ಕಥೆ. 2009ರ ಜೂನ್‌ನಲ್ಲಿ ಎಡ್ವಿನ್ ರಿಸ್ಟ್ ಎಂಬ ಕೊಳಲು ವಿದ್ಯಾರ್ಥಿ ಇಂಗ್ಲೆಂಡಿನ ಟ್ರಿಂಗ್ ಮ್ಯೂಸಿಯಂನ ಕಿಟಕಿ ಒಡೆದು, ಒಣಗಿಸಿಟ್ಟ 299 ಹಕ್ಕಿಗಳನ್ನು ಸೂಟ್‌ಕೇಸಿಗೆ ತುಂಬಿಕೊಂಡು ಹೋದ. ಯಾಕೆ? ಫ್ಲೈ ಕಟ್ಟೋದಕ್ಕೆ.

ಫ್ಲೈ ಅಂದ್ರೆ ಗಾಳಕ್ಕೆ ಪುಕ್ಕ, ನೂಲು ಸುತ್ತಿ ಮಾಡಿದ ಹುಸಿ ಹುಳ. ನಮ್ಮ ಗಲಗಲಿಯಲ್ಲಿ ಕೃಷ್ಣೆಗೆ ಗಾಳ ಹಾಕುವವರು ಎರೆಹುಳ ಚುಚ್ತಾರೆ. ಅವರಿಗೆ ಈ ಪುಸ್ತಕದ ಬಣ್ಣದ ಚಿತ್ರ ತೋರಿಸಿದ್ರೆ ಕೇಳೋದು ಒಂದೇ: ‘ಇದನ್ನ ಮೀನ ತಿಂತಾವೇನ್ರೀ?’

ಸರಿಯಾದ ಪ್ರಶ್ನೆ. 1895ರಲ್ಲಿ ಜಾರ್ಜ್ ಕೆಲ್ಸನ್ ‘ದಿ ಸಾಲ್ಮನ್ ಫ್ಲೈ’ ಬರೆದು, ಯಾವ ಫ್ಲೈಗೆ ಯಾವ ದೇಶದ ಹಕ್ಕಿಯ ಗರಿ ಬೇಕು ಅಂತ ಪಟ್ಟಿ ಕೊಟ್ಟ. ಮೊಟ್ಟೆ ಇಡಲು ಹೊಳೆಗೆ ಮರಳುವ ಸಾಲ್ಮನ್ ಊಟವನ್ನೇ ಬಿಟ್ಟಿರುತ್ತೆ. ಗರಿಯ ಕುಲಗೋತ್ರ ಅದಕ್ಕ್ಯಾಕೆ? ಇವತ್ತು ಇಂಥವನ್ನು ಕಟ್ಟುವ ಎಷ್ಟೋ ಜನ ಮೀನೇ ಹಿಡಿಯೋದಿಲ್ಲ. ಆ ಶೋಕಿಗೆ ನಮ್ಮ ಸಹ್ಯಾದ್ರಿಯ ಬೂದು ಕಾಡುಕೋಳಿಯ ಕತ್ತಿನ ಗರಿಯೂ ಬೇಕು.

ಪೊಲೀಸರಿಗೆ ಇಡಿಯಾಗಿ ಸಿಕ್ಕ ಹಕ್ಕಿಗಳು 174, ಅವುಗಳಲ್ಲಿ ಲೇಬಲ್ ಉಳಿದಿದ್ದು 102ಕ್ಕೆ. ಎಲ್ಲಿ, ಯಾವಾಗ ಸಿಕ್ಕಿದ್ದು ಅಂತ ಹೇಳುವ ಆ ಚೀಟಿ ಹೋದರೆ ವಿಜ್ಞಾನಕ್ಕೆ ಅದು ಬರೀ ಪುಕ್ಕದ ಗಂಟು. ಕೆಲವಂತೂ ಆಲ್ಫ್ರೆಡ್ ರಸೆಲ್ ವಾಲೇಸ್ ಮಲಯ ದ್ವೀಪಗಳಿಂದ ಹೊತ್ತು ತಂದವು. ಈ ಪುಟಗಳನ್ನು ಓದುವಾಗ ಹೊಟ್ಟೆ ಉರೀತು. ರಿಸ್ಟ್‌ಗೆ ಜೈಲೂ ಆಗಲಿಲ್ಲ.

ನನ್ನ ತಕರಾರು ಇರೋದು ಆಮೇಲಿನ ಭಾಗದ ಬಗ್ಗೆ. ಲೇಖಕನೇ ಪತ್ತೇದಾರನಾಗಿ ಹೊರಟ ಮೇಲೆ ಫ್ಲೈ ಕಟ್ಟುವವರೆಲ್ಲ ಬಾಯಿಬಿಡದ ಗುಂಪಿನ ಥರ ಕಾಣ್ತಾರೆ. ಆದರೆ ಜಾನ್ಸನ್‌ಗೆ ಈ ಸುದ್ದಿ ಮೊದಲು ಸಿಕ್ಕಿದ್ದೇ ನ್ಯೂ ಮೆಕ್ಸಿಕೋದ ಹೊಳೆಯಲ್ಲಿ, ಜೊತೆಗಿದ್ದ ಫಿಶಿಂಗ್ ಗೈಡ್ ಬಾಯಿಂದ. ಅಂಥವರ ಲೋಕವೇ ಬೇರೆ: ಒಂದು ಟೇಬಲ್, ಸುತ್ತ ನಾಲ್ಕು ಜನ, ಕೊಕ್ಕೆ ಕಚ್ಚಿ ಹಿಡಿಯುವ ಪುಟ್ಟ ಇಕ್ಕಳ, ಕೋಳಿಪುಕ್ಕ, ಮೊಲದ ಕೂದಲು. ಹೊಸಬರು ಸುತ್ತಿದ ನೂಲು ಬಿಚ್ಚಿಕೊಳ್ಳುತ್ತೆ, ಪಕ್ಕದವರು ಬೆರಳಿಟ್ಟು ಹಿಡೀತಾರೆ, ಮಾತು ಎಲ್ಲೆಲ್ಲಿಗೋ ಹೋಗುತ್ತೆ. ಕದಿಯೋಕೆ ಅಲ್ಲೇನೂ ಇಲ್ಲ. ಪುಸ್ತಕ ಈ ಟೇಬಲ್ ಹತ್ತಿರ ಸರಿಯಾಗಿ ಕೂರೋದೇ ಇಲ್ಲ. ಕೂತಿದ್ದರೆ ರಿಸ್ಟ್ ಎಲ್ಲಿ ದಾರಿ ಬಿಟ್ಟ ಅನ್ನೋದು ಇನ್ನೂ ಚೆನ್ನಾಗಿ ಗೊತ್ತಾಗ್ತಿತ್ತು.

ನಮ್ಮೂರಲ್ಲಿ ಒಂದು ಟೇಬಲ್ ಹಾಕೋದಾದ್ರೆ ನೂಲಿಗೆ ನೇಕಾರರ ರಬಕವಿ-ಬನಹಟ್ಟಿ ಇದೆ. ಪುಕ್ಕ ಹಿತ್ತಲಲ್ಲೇ ಬಿದ್ದಿರುತ್ತೆ.