ಕೇಲಿ ಕೂಟದಿಂದ ಕ್ಯಾಮೆರಾದ ಮುಂದಕ್ಕೆ: ಬಿಲ್ ಪ್ಯಾಟರ್ಸನ್ ಅಭಿನಯದ ಜಾನಪದ ನೆಲೆ

ನಟನೊಬ್ಬನ ವೃತ್ತಿಜೀವನವನ್ನು ದಾಖಲಿಸುವಾಗ ರಂಗಭೂಮಿಯನ್ನು ಆರಂಭವೆಂದೂ ಚಲನಚಿತ್ರ, ದೂರದರ್ಶನಗಳನ್ನು ಬೆಳವಣಿಗೆಯೆಂದೂ ಪರಿಗಣಿಸುವ ರೂಢಿಯಿದೆ. ಸ್ಕಾಟ್ಲೆಂಡಿನ ಬಿಲ್ ಪ್ಯಾಟರ್ಸನ್ ಅವರ ವಿಷಯದಲ್ಲಿ ಈ ರೂಢಿ ಸಾಲದು. ತೆರೆಯ ಮೇಲೆ ಅವರಲ್ಲಿ ಕಾಣುವ ಸಂಯಮ ಮತ್ತು ಎದುರಿಗೆ ಕುಳಿತು ಮಾತನಾಡುವಂತಹ ಆಪ್ತತೆಗಳು ಕ್ಯಾಮೆರಾದಿಂದ ಬಂದ ಗುಣಗಳೆಂದು ತೋರುವುದು ಸಹಜ. ಆದರೆ ಅವುಗಳ ಮುಖ್ಯ ಮೂಲವನ್ನು 1973ರಲ್ಲಿ ಹೈಲ್ಯಾಂಡ್ ಪ್ರದೇಶದ ಹಳ್ಳಿಗಳ ಸಭಾಭವನಗಳಲ್ಲಿ ನಡೆದ ಪ್ರದರ್ಶನಗಳಲ್ಲಿ ಹುಡುಕಬೇಕಾಗುತ್ತದೆ.

ಪ್ಯಾಟರ್ಸನ್ 1945ರಲ್ಲಿ ಗ್ಲಾಸ್ಗೋದಲ್ಲಿ ಜನಿಸಿದರು; ಅವರ ಬಾಲ್ಯ ಕಳೆದದ್ದು ಅದೇ ನಗರದ ಡೆನ್ನಿಸ್ಟೌನ್ ಬಡಾವಣೆಯಲ್ಲಿ. ಕಟ್ಟಡ ಕಾಮಗಾರಿಯ ಅಳತೆ ಮತ್ತು ವೆಚ್ಚದ ಅಂದಾಜು ಮಾಡುವ ವೃತ್ತಿಯಲ್ಲಿ ಕೆಲಕಾಲ ತರಬೇತಿ ಪಡೆದು, ಬಳಿಕ ಅದೇ ನಗರದ ರಾಯಲ್ ಸ್ಕಾಟಿಷ್ ಅಕಾಡೆಮಿ ಆಫ್ ಮ್ಯೂಸಿಕ್ ಅಂಡ್ ಡ್ರಾಮಾ ಸೇರಿದರು. 1967ರಲ್ಲಿ ಸಿಟಿಜನ್ಸ್ ಥಿಯೇಟರ್‌ನಲ್ಲಿ ಬ್ರೆಕ್ಟನ ಆರ್ಟುರೊ ಊಯಿ ನಾಟಕದ ಮೂಲಕ ವೃತ್ತಿರಂಗವನ್ನು ಪ್ರವೇಶಿಸಿದರು. ಕ್ಲೈಡ್ ನದಿಯ ಹಡಗು ನಿರ್ಮಾಣ ಕಾರ್ಮಿಕರು ಕಾರ್ಖಾನೆಯನ್ನು ತಾವೇ ನಡೆಸಿ ಹೂಡಿದ ಹೋರಾಟವನ್ನು ಬೂಟು ಕಾರ್ಖಾನೆಯ ಕಥೆಯಾಗಿ ಹಾಸ್ಯಕ್ಕೆ ತಿರುಗಿಸಿದ 'ದಿ ಗ್ರೇಟ್ ನಾರ್ದರ್ನ್ ವೆಲ್ಲಿ ಬೂಟ್ ಶೋ'ದಲ್ಲಿ 1972ರಲ್ಲಿ ಬಿಲ್ಲಿ ಕಾನೊಲಿಯವರ ಜೊತೆ ಅಭಿನಯಿಸಿದರು. ನೆರೆದ ಜನರ ಅನುಭವವನ್ನೇ ಅವರ ಮುಂದಿಟ್ಟು ನಗಿಸುವ ಕ್ರಮ ಇಲ್ಲಿಯೇ ರೂಪುಗೊಳ್ಳತೊಡಗಿತ್ತು.

ಮರುವರ್ಷ ಜಾನ್ ಮೆಗ್ರಾತ್ ಅವರು 7:84 ತಂಡದ ಸ್ಕಾಟ್ಲೆಂಡ್ ಶಾಖೆಯನ್ನು ಕಟ್ಟಿದಾಗ ಪ್ಯಾಟರ್ಸನ್ ಅದರ ಆರಂಭದ ಸದಸ್ಯರಲ್ಲಿ ಒಬ್ಬರಾದರು. ದೇಶದ ಶೇ. 7 ಜನರ ಕೈಯಲ್ಲಿ ಶೇ. 84ರಷ್ಟು ಸಂಪತ್ತಿದೆ ಎಂಬ ಅಂಕಿ ಅಂಶದಿಂದ ಈ ಹೆಸರು ಬಂದಿತು. ತಂಡದ ಮೊದಲ ನಾಟಕ 'ದಿ ಚೆವಿಯಟ್, ದಿ ಸ್ಟಾಗ್ ಅಂಡ್ ದಿ ಬ್ಲ್ಯಾಕ್, ಬ್ಲ್ಯಾಕ್ ಆಯಿಲ್'. ಚೆವಿಯಟ್ ತಳಿಯ ಕುರಿಗಳಿಗಾಗಿ ರೈತರನ್ನು ಒಕ್ಕಲೆಬ್ಬಿಸಿದ್ದು, ಆ ನೆಲ ಸಿರಿವಂತರ ಜಿಂಕೆ ಬೇಟೆಯ ತಾಣವಾದದ್ದು, ಕೊನೆಗೆ ಉತ್ತರ ಸಮುದ್ರದ ತೈಲಕ್ಕಾಗಿ ಕಂಪನಿಗಳು ಬಂದದ್ದು, ಈ ಮೂರು ಘಟ್ಟಗಳನ್ನು ನಾಟಕ ಒಂದೇ ಸರಣಿಯಾಗಿ ಕಾಣುತ್ತದೆ.

ಇದಕ್ಕೆ ಆರಿಸಿಕೊಂಡ ರೂಪ ಕೇಲಿ. ಇದು ಗೇಲಿಕ್ ಭಾಷಿಕರ ಮನೆಗಳಲ್ಲಿ ಸಂಜೆ ಸೇರಿ ಕಥೆ, ಹಾಡು, ವಾದ್ಯ, ಹರಟೆಗಳಲ್ಲಿ ಕಾಲ ಕಳೆಯುವ ಕೂಟ. ಜಾನ್ ಬರ್ನ್ ರಚಿಸಿದ, ಪುಟ ತೆರೆದಾಗ ಚಿತ್ರ ಎದ್ದು ನಿಲ್ಲುವ ಬೃಹತ್ ಪುಸ್ತಕವೇ ರಂಗಸಜ್ಜಿಕೆ. ಒಬ್ಬೊಬ್ಬ ನಟರು ಹಲವು ಪಾತ್ರಗಳನ್ನು ವಹಿಸುತ್ತಿದ್ದರು. ನಾಟಕ ಮುಗಿದ ಮೇಲೆ ಅದೇ ಸಭಾಭವನದಲ್ಲಿ ಕುಣಿತ ನಡೆಯುತ್ತಿತ್ತು. ಬೆಟ್ಟದ ಚೆಲುವನ್ನು ಪ್ರವಾಸದ ಸರಕಾಗಿಸಲು ಹೊರಟ ಗ್ಲಾಸ್ಗೋದ ವ್ಯವಹಾರಸ್ಥ ಆಂಡಿ ಮೆಕ್‌ಚಕೆಮಪ್ ಪ್ಯಾಟರ್ಸನ್ ಅವರ ಪ್ರಸಿದ್ಧ ಪಾತ್ರ.

ಈ ಪ್ರಯೋಗವನ್ನು ಜಾನಪದದ ನೇರ ಮುಂದುವರಿಕೆ ಎನ್ನುವುದು ಅವಸರದ ಮಾತಾದೀತು. ಕೇಲಿ ಕೂಟದಲ್ಲಿ ಇಂದು ಕೇಳುವವನು ನಾಳೆ ಹೇಳುವವನಾಗುತ್ತಾನೆ. ಇಲ್ಲಿಯಾದರೋ ಲಿಖಿತ ಪಠ್ಯವಿದೆ, ವೃತ್ತಿನಟರಿದ್ದಾರೆ. ಪ್ಯಾಟರ್ಸನ್ ಗೇಲಿಕ್ ಪರಂಪರೆಯವರಲ್ಲ, ನಗರದವರು. ಪರಂಪರೆಯ ಹಾಡುಗಳ ಹೊಣೆ ಲೂಯಿಸ್ ದ್ವೀಪದ ಗಾಯಕಿ ಡೊಲೀನಾ ಮೆಕ್ಲೆನನ್ ಅವರದಾಗಿತ್ತು. ಆದರೂ ಪ್ರದರ್ಶನದ ಸಂದರ್ಭ ಈ ಅಂತರವನ್ನು ಬಹುಮಟ್ಟಿಗೆ ತುಂಬಿತು. ಒಕ್ಕಲೆದ್ದ ಕಥೆ ಆ ಹಳ್ಳಿಗಳಲ್ಲಿ ಮನೆತನದ ನೆನಪಾಗಿಯೂ ಉಳಿದಿತ್ತು. 1814ರಲ್ಲಿ ಸ್ಟ್ರಾತ್‌ನೇವರ್ ಕಣಿವೆಯನ್ನು ತೆರವು ಮಾಡಿಸಿದ ಪ್ಯಾಟ್ರಿಕ್ ಸೆಲ್ಲರ್ 1816ರ ವಿಚಾರಣೆಯಲ್ಲಿ ನಿರ್ದೋಷಿಯೆನಿಸಿಕೊಂಡ. ಜನರ ನೆನಪು ಆ ತೀರ್ಪನ್ನು ಒಪ್ಪಲಿಲ್ಲ. ಅಂತಹ ಸಭೆಯ ಎದುರು ನಟನು ಪಾತ್ರದೊಳಗೆ ಮರೆಯಾಗಲಾರ. ವೇಷ ತೊಟ್ಟು ನಗಿಸಿ, ಮರುಕ್ಷಣ ವೇಷ ಕಳಚಿ ದಾಖಲೆಯನ್ನು ತನ್ನ ದನಿಯಲ್ಲಿಯೇ ಓದಬೇಕು. ಬಿಬಿಸಿ 1974ರಲ್ಲಿ ಪ್ರಸಾರ ಮಾಡಿದ ರೂಪಾಂತರದಲ್ಲಿ ಪ್ರೇಕ್ಷಕರ ಮುಖಗಳೂ ದಾಖಲಾಗಿರುವುದು ಈ ದೃಷ್ಟಿಯಿಂದ ಮಹತ್ತ್ವದ್ದು.

ಪ್ಯಾಟರ್ಸನ್ ಅವರ ಮುಂದಿನ ಪಾತ್ರಗಳಲ್ಲಿ ಈ ಸಂಬೋಧನಾ ಕಲೆ ಬೇರೆ ಬೇರೆ ಬಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಬಿಲ್ ಫೋರ್ಸೈತ್ ನಿರ್ದೇಶನದ 'ಕಂಫರ್ಟ್ ಅಂಡ್ ಜಾಯ್' (1984) ಚಿತ್ರದ ನಾಯಕ ಗ್ಲಾಸ್ಗೋದ ಬಾನುಲಿ ನಿರೂಪಕ. ಐಸ್‌ಕ್ರೀಮ್ ವ್ಯಾಪಾರಿಗಳ ಜಗಳದಲ್ಲಿ ಸಿಲುಕುವ ಈತ ಕಾಣದ ಕೇಳುಗರೊಡನೆ ಮಾತನಾಡಿ ಬದುಕುವವನು. 'ದಿ ಸಿಂಗಿಂಗ್ ಡಿಟೆಕ್ಟಿವ್' (1986) ಧಾರಾವಾಹಿಯ ಮನೋವೈದ್ಯನಾಗಿ ಪ್ಯಾಟರ್ಸನ್ ಕಥೆ ಕೇಳುವವರಾಗುತ್ತಾರೆ. 'ಫ್ಲೀಬ್ಯಾಗ್' (2016, 2019) ಈ ವಾದಕ್ಕೆ ಕಠಿಣ ಪರೀಕ್ಷೆ. ಅಲ್ಲಿ ಮಗಳು ಪ್ರೇಕ್ಷಕರತ್ತ ತಿರುಗಿ ನೇರವಾಗಿ ಮಾತನಾಡುತ್ತಾಳೆ. ತಂದೆಗಾದರೋ ಎದುರಿಗಿರುವ ಮಗಳೊಡನೆ ಒಂದು ವಾಕ್ಯವನ್ನು ಪೂರ್ಣಗೊಳಿಸುವುದೂ ಕಷ್ಟ. ಸಭೆಯನ್ನು ಮಾತಿನಿಂದ ಕಟ್ಟಬಲ್ಲ ನಟನೇ ಇಲ್ಲಿ ತಡವರಿಕೆಯನ್ನು ಅಭಿನಯಿಸುತ್ತಾನೆ. ಎಲ್ಲಿ ನಿಲ್ಲಿಸಿದರೆ ಉಳಿದುದನ್ನು ಕೇಳುಗರು ತುಂಬಿಕೊಳ್ಳುವರೆಂಬುದು ಕಥೆಗಾರನ ಅರಿವು. ಆ ಅರಿವೇ ಈ ಮೌನಗಳನ್ನು ಅರ್ಥಪೂರ್ಣಗೊಳಿಸಿದೆ.

ಪ್ಯಾಟರ್ಸನ್ 2008ರಲ್ಲಿ ಪ್ರಕಟಿಸಿದ 'ಟೇಲ್ಸ್ ಫ್ರಮ್ ದಿ ಬ್ಯಾಕ್ ಗ್ರೀನ್' ಬಾಲ್ಯದ ಗ್ಲಾಸ್ಗೋ ಕುರಿತ ಕಥನಗಳ ಸಂಕಲನ. ಬ್ಯಾಕ್ ಗ್ರೀನ್ ಎಂದರೆ ಬಹುಮಹಡಿ ವಠಾರಗಳ ಹಿಂಬದಿಯ ಸಾಮೂಹಿಕ ಅಂಗಳ. ಹೈಲ್ಯಾಂಡಿನ ಕೇಲಿ ಮನೆ ಈ ನಟನಿಗೆ ಎರವಲು ಬಂದ ಪರಂಪರೆಯಾದರೆ, ವಠಾರದ ಅಂಗಳ ಸ್ವಂತದ್ದು. ಇವೆರಡನ್ನೂ ಒಟ್ಟಿಗೆ ಗಮನಿಸದೆ ಪ್ಯಾಟರ್ಸನ್ ಅವರನ್ನು ಕೇವಲ ಸಮರ್ಥ ಪೋಷಕನಟರೆಂದು ಗುರುತಿಸಿದರೆ ಅವರ ಸಾಧನೆಯ ಅರ್ಧವಷ್ಟೇ ದಾಖಲಾಗುತ್ತದೆ. ಅವರ ಅಭಿನಯವನ್ನು ರೂಪಿಸುವಲ್ಲಿ ಗುರುಗಳಷ್ಟೇ ಪಾಲು ಆ ಹಳ್ಳಿಗಳ ಕೇಳುಗರದೂ ಇದೆ.